ನೆವ್ ಟ್ರೆಲೋರ್ ಕಡಲಿನ ಬಣ್ಣ ತೆಗೆದದ್ದು

ನಮ್ಮ ವಾಟಲ್ ಇನ್ಲೆಟ್ ಎಂಬ ಕರಾವಳಿ ಊರಿನಲ್ಲಿ ಒಬ್ಬ ಮನುಷ್ಯ ಒಂದೇ ಸಂಜೆಯಲ್ಲಿ ಇಡೀ ಕೊಲ್ಲಿಯ ಬಣ್ಣ ತೆಗೆದುಬಿಟ್ಟ ಎಂದರೆ ಹೊರಗಿನವರು ನಂಬುವುದಿಲ್ಲ. ಆತ ನೀರಿಗೆ ವಿಷ ಸುರಿಯಲಿಲ್ಲ, ಹಡಗು ಮುಳುಗಿಸಲಿಲ್ಲ. ಬೆರಳ ತುದಿಯಿಂದ ಕೆಲವು ಗುಂಡಿ ಒತ್ತಿದ, ಆಮೇಲೆ ಬಾಯಿಂದ ಒಂದು ಮಾತು ಆಡಿದ. ಗುಂಡಿಗಳಿಗಿಂತ ಆ ಮಾತೇ ಹೆಚ್ಚು ಕೆಡಿಸಿತು.

ಆತನ ಹೆಸರು ನೆವಿಲ್ ಟ್ರೆಲೋರ್. ಊರಿಗೆಲ್ಲ ನೆವ್. ನನ್ನ ಬೇಕರಿಯ ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲಿ ಗೋಡೆಯ ಬಣ್ಣ ಕಲಸಿಕೊಡುವ ಕೆಲಸ. ಒಳ್ಳೆಯವನು, ಕರೆದರೆ ಬರುವವನು. ಆದರೆ ‘ಗೊತ್ತಿಲ್ಲ’ ಎಂಬ ಪದ ಮಾತ್ರ ಅವನ ನಾಲಗೆಗೆ ಒಗ್ಗುತ್ತಿರಲಿಲ್ಲ. ದಾರಿ ಕೇಳಿದ ಪ್ರವಾಸಿಗರಿಗೆ ತಾನು ಹೆಸರೂ ಕೇಳದ ಊರಿಗೆ ಎಡ, ಬಲ, ವೃತ್ತ ಎಲ್ಲವನ್ನೂ ವಿವರಿಸಿ ಕಳಿಸುತ್ತಿದ್ದ. ಅವರಲ್ಲಿ ಹೆಚ್ಚಿನವರು ಸುತ್ತಿ ಬಳಲಿ ಮತ್ತೆ ನನ್ನ ಬೇಕರಿಗೇ ಬಂದು ಮೀಟ್ ಪೈ ತಿನ್ನುತ್ತಿದ್ದುದರಿಂದ ನನ್ನ ಕಡೆಯಿಂದ ಅವನ ಮೇಲೆ ಯಾವ ದೂರೂ ಇರಲಿಲ್ಲ.

ಆ ವರ್ಷ ಹುಟ್ಟುಹಬ್ಬಕ್ಕೆ ಅವನ ಹೆಂಡತಿ ಗ್ಲೆನಿಸ್ ಒಂದು ಡ್ರೋನ್ ಕೊಡಿಸಿದಳು. ಅದು ಪ್ರೀತಿಯಿಂದಲೇ. ಮನೆಯೊಳಗೆ ಸುಮ್ಮನಿದ್ದ ಕಪಾಟುಗಳನ್ನೆಲ್ಲ ಅವನು ಬಿಚ್ಚಿ ‘ಸುಧಾರಿಸುವುದು’ ನಿಂತರೆ ಸಾಕೆಂಬ ಆಸೆಯೂ ಅದರ ಜೊತೆಗಿತ್ತು.

ಡ್ರೋನ್ ಎರಡು ಸಲ ಹಾರಿತೋ ಇಲ್ಲವೋ, ಸುದ್ದಿ ಡೆಲ್ಫೀನ್ ಕ್ರಾಡಕ್ ಅವರ ಕಿವಿಗೆ ಬಿತ್ತು. ಅವರು ಊರಿನ ಶಾಲೆಯ ಹಳೆಯ ಹೆಡ್‌ಮಿಸ್ಟ್ರೆಸ್, ಈಗ ಸಿಂಪಿ ಹಬ್ಬದ ಸಮಿತಿಯ ಅಧ್ಯಕ್ಷೆ. ನಮ್ಮೂರು ಬದುಕಿರುವುದೇ ಕೊಲ್ಲಿಯ ಸಿಂಪಿಗಳ ಮೇಲೆ. ಅಕ್ಟೋಬರಿನ ಉದ್ದ ರಜೆಯಲ್ಲಿ ಸಿಡ್ನಿಯಿಂದ, ಕ್ಯಾನ್‌ಬೆರಾದಿಂದ ಜನ ಬಂದು, ದೋಣಿ ಕಟ್ಟಲು ನೀರಿನೊಳಕ್ಕೆ ಚಾಚಿದ ಜೆಟ್ಟಿಯ ಮೇಲೆ ನಿಂತು ನಿಂಬೆ ಹಿಂಡಿ ಸಿಂಪಿ ನುಂಗಿದರೆ ಮಾತ್ರ ಊರಿನವರ ಮುಖದಲ್ಲಿ ಬೇಸಿಗೆಯವರೆಗೂ ಕಳೆ ಉಳಿಯುತ್ತದೆ.

ಕ್ರಾಡಕ್ ಅವರು ನೆವ್‌ನನ್ನು ನನ್ನ ಬೇಕರಿಯಲ್ಲೇ ಹಿಡಿದರು.

"ನೆವಿಲ್, ಬೆನ್ನು ನೆಟ್ಟಗೆ ಮಾಡಿ ನಿಲ್ಲು. ಹಬ್ಬಕ್ಕೆ ಮುಂಚೆ ನಮ್ಮ ಕೊಲ್ಲಿಯ ಒಂದು ವಿಡಿಯೊ ಬೇಕು. ಮೊದಲು ಕ್ಲಬ್ಬಿನಲ್ಲಿ ತೋರಿಸಿ ಆಮೇಲೆ ಇಂಟರ್ನೆಟ್ಟಿನಲ್ಲಿರೋ ಊರಿನ ಪುಟಕ್ಕೆ ಹಾಕೋದು. ನಿನಗೆ ಎಡಿಟಿಂಗ್ ಬರುತ್ತಾ?"

"ಬರುತ್ತಾ ಅಂತ ನನ್ನ ಕೇಳ್ತೀರಲ್ಲ ಮಿಸೆಸ್ ಕ್ರಾಡಕ್!"

ಇದು ಉತ್ತರವಲ್ಲ. ಆದರೆ ಕ್ರಾಡಕ್ ಅವರು ಇಂಥ ಉತ್ತರಗಳಿಗೆ ಅಂಕ ಕೊಡುವುದನ್ನು ನಿವೃತ್ತಿಯ ದಿನವೇ ನಿಲ್ಲಿಸಿದ್ದರಿಂದ, ಕೆಲಸ ಅವನಿಗೇ ಅಂಟಿಕೊಂಡಿತು.

ಚಿತ್ರೀಕರಣಕ್ಕೆ ನೆವ್ ಆರಿಸಿದ್ದು ತನ್ನ ಹೆಂಡತಿಯ ತಮ್ಮ ಡರ್ಮಟ್‌ನನ್ನು. ಡರ್ಮಟ್ ಸಿಂಪಿ ಬೆಳೆಗಾರ. ಜೆಟ್ಟಿಯ ಎದುರಿಗೇ ನೀರಿನಲ್ಲಿ ಸಾಲುಸಾಲಾಗಿ ನಿಂತಿರುವ ಕಂಬಗಳು, ಬುಟ್ಟಿಗಳು ಅವನವು. ಅವನು ದೋಣಿಯಲ್ಲಿ ನಿಂತು ಬುಟ್ಟಿ ಎತ್ತಬೇಕು, ಸಿಂಪಿ ಬಿಚ್ಚಿ ನುಂಗಬೇಕು, ಆಕಾಶ ನೋಡಿ ನಗಬೇಕು. ಬೆಳಗು ಪ್ರಶಸ್ತವಾಗಿತ್ತು. ಗಾಜಿನ ಬಳೆಯ ಚೂರು ಹರಡಿದಂತೆ ನೀಲಿ ನೀರು ಮಿನುಗುತ್ತಿತ್ತು. ನೆವ್ ಕಪ್ಪು ಕನ್ನಡಕ ಹಾಕಿಕೊಂಡು ಡ್ರೋನಿನ ರಿಮೋಟಿನ ಪರದೆ ತಡಕಾಡತೊಡಗಿದ. ಬ್ರೆಡ್ ಕೊಡಲು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಏನು ಕೇಳ್ತಿದೆ ಅದು?" ಡರ್ಮಟ್ ದೋಣಿಯಿಂದಲೇ ಕತ್ತು ಚಾಚಿದ.

"ಚಿತ್ರದ ಅಳತೆ. ಇರೋದರಲ್ಲೇ ದೊಡ್ಡದು ಒತ್ತಿದೆ."

"ದೊಡ್ಡದೇ ಬೇಕು ಅಂತ ಹೇಗೆ ಗೊತ್ತು?"

"ಮಾರಾಯ, ದೊಡ್ಡ ಸಿಂಪಿ, ಸಣ್ಣ ಸಿಂಪಿ ಎರಡೂ ಒಂದೇ ತಟ್ಟೇಲಿಟ್ಟರೆ ನೀನು ಯಾವುದು ಎತ್ಕೋತೀಯ?"

"ಸಣ್ಣದು. ರುಚಿ ಇರೋದೇ ಅದರಲ್ಲಿ."

ನೆವ್ ಕಿವಿ ಕೇಳಿಸದವನಂತೆ ಮುಂದಿನ ಪ್ರಶ್ನೆಗೆ ಹೋದ. ಸೆಕೆಂಡಿಗೆ ಎಷ್ಟು ಚಿತ್ರ ತೆಗೆಯಲಿ? ಇಪ್ಪತ್ತೈದರಿಂದ ನೂರಿಪ್ಪತ್ತರವರೆಗೆ ಇತ್ತು. ನೂರಿಪ್ಪತ್ತು ಒತ್ತಿದ. ವಿಡಿಯೊವನ್ನು ಯಾವ ಬಗೆಯಲ್ಲಿ ಮಡಚಿಡಲಿ? ಎಚ್ ಇನ್ನೂರ ಅರವತ್ನಾಲ್ಕೋ, ಎಚ್ ಇನ್ನೂರ ಅರವತ್ತೈದೋ? ಒಂದು ಹೆಚ್ಚಿದೆಯಲ್ಲ ಎಂದು ಅರವತ್ತೈದಕ್ಕೆ ಒತ್ತಿದ. ಕೊನೆಗೆ ಬಣ್ಣ. ಸಾಮಾನ್ಯವೋ, ಲಾಗೋ?

‘ಸಾಮಾನ್ಯ’ ಎಂಬ ಪದ ಅವನ ಸ್ವಾಭಿಮಾನಕ್ಕೆ ತಗುಲಿತು. "ಬಣ್ಣದ ವಿಷಯದಲ್ಲಿ ನನಗೆ ಸಾಮಾನ್ಯ ತೋರಿಸ್ತಿದೆ ನೋಡು!"

"ಲಾಗ್ ಅಂದ್ರೆ ಮರದ ದಿಮ್ಮಿ ಅಲ್ವಾ? ಇಲ್ಲೆಲ್ಲಿದೆ ದಿಮ್ಮಿ?" ಎಂದ ಡರ್ಮಟ್.

"ಅದು ವೃತ್ತಿಪರರ ಭಾಷೆ. ನೀನು ಬುಟ್ಟಿ ಎತ್ತು."

ಡರ್ಮಟ್ ಬುಟ್ಟಿ ಎತ್ತಿದ, ಸಿಂಪಿ ನುಂಗಿದ, ನಕ್ಕ. ಡ್ರೋನ್ ಮೇಲಿಂದ ಎಲ್ಲವನ್ನೂ ನೋಡಿತು. ನೆವ್ ಮಾತ್ರ ಬಿಸಿಲಿಗೂ ಕಪ್ಪು ಕನ್ನಡಕಕ್ಕೂ ನಡುವೆ ಪರದೆಯಲ್ಲಿ ತನ್ನದೇ ಮೂಗಿನ ಪ್ರತಿಬಿಂಬವನ್ನು ನೋಡುತ್ತ ನಿಂತಿದ್ದ.

ಮನೆಯಲ್ಲಿ ಊಟದ ಮೇಜಿನ ಮೇಲೆ ಗ್ಲೆನಿಸ್‌ಳ ಹಳೆಯ ಲ್ಯಾಪ್‌ಟಾಪ್ ತೆರೆದ. ಅದರಲ್ಲಿದ್ದ ಎಡಿಟಿಂಗ್ ಸಾಫ್ಟ್‌ವೇರ್, ಮದುವೆ ವಿಡಿಯೊ ಜೋಡಿಸಿದ ಕಾಲದ್ದು. ವಿಡಿಯೊ ಒಳಗೆ ಎಳೆದು ಹಾಕಿದ. ಸಾಫ್ಟ್‌ವೇರ್ ವಿನಯದಿಂದ, ಈ ಬಗೆಯ ಕಡತ ತನಗೆ ಗೊತ್ತಿಲ್ಲ ಎಂದಿತು. ಆ ಮನೆಯಲ್ಲಿ ‘ಗೊತ್ತಿಲ್ಲ’ ಎಂದವರಲ್ಲಿ ಅದೇ ಮೊದಲು.

"ಏನಂತೆ?" ಗ್ಲೆನಿಸ್ ಪಾತ್ರೆ ಒರೆಸುತ್ತ ಕೇಳಿದಳು.

"ಪಾಪ, ವಯಸ್ಸಾಗಿದೆ ಅದಕ್ಕೆ. ಇಷ್ಟು ಒಳ್ಳೆ ವಿಡಿಯೊ ನೋಡೇ ಇಲ್ಲ."

"ಡ್ರೋನಿನ ಜೊತೆ ಒಂದು ಪುಸ್ತಕ ಬಂದಿತ್ತಲ್ಲ, ಓದಿದ್ಯಾ?"

"ಪುಸ್ತಕ ಗೊತ್ತಿಲ್ಲದವರಿಗೆ, ಗ್ಲೆನ್."

ಪುಕ್ಕಟೆ ಸಿಗುವ ಯಾವುದೋ ಪ್ರೋಗ್ರಾಂ ಇಳಿಸಿಕೊಂಡು ವಿಡಿಯೊವನ್ನು ಬೇರೆ ಬಗೆಗೆ ಬದಲಾಯಿಸಿದ. ಈಗ ಸಾಫ್ಟ್‌ವೇರ್ ಅದನ್ನು ನುಂಗಿತು, ಆದರೆ ಅರಗಿಸಿಕೊಳ್ಳಲಿಲ್ಲ. ಚಿತ್ರ ತೋರಬೇಕಾದ ಚೌಕ ಕಪ್ಪಗೇ ಉಳಿಯಿತು. ಕೆಳಗೆ ಉದ್ದ ಪಟ್ಟಿ ಮಾತ್ರ ಕಾಣುತ್ತಿತ್ತು. ನೆವ್ ಎದೆಗುಂದಲಿಲ್ಲ. ಚೌಕ ಕಪ್ಪಗಿರುವುದು ಲ್ಯಾಪ್‌ಟಾಪಿನ ದೋಷ, ಒಳಗೆ ಚಿತ್ರ ಚೆನ್ನಾಗಿಯೇ ಇರಬೇಕು ಎಂದು ತೀರ್ಮಾನಿಸಿ, ಪಟ್ಟಿಯನ್ನು ಕಣ್ಣಂದಾಜಿನಲ್ಲಿ ಅಲ್ಲಿಲ್ಲಿ ಕತ್ತರಿಸಿದ, ಅಕಾರ್ಡಿಯನ್ ಸಂಗೀತ ಹಾಕಿದ. ಲ್ಯಾಪ್‌ಟಾಪ್ ಗಂಟೆಗಟ್ಟಲೆ ಬುಸುಗುಟ್ಟಿ ಒಂದು ವಿಡಿಯೊ ಹೆತ್ತಿತು. ಹೆತ್ತದ್ದರ ಮುಖ ಯಾರೂ ನೋಡಲಿಲ್ಲ. ನೆವ್ ಅದನ್ನು ನೇರ ಕ್ರಾಡಕ್ ಅವರಿಗೆ ಕಳಿಸಿದ.

"ಪೂರ್ತಿ ನೋಡಿದ್ದೀಯ ತಾನೆ?" ಎಂದು ಅವರು ಫೋನಿನಲ್ಲಿ ಕೇಳಿದರು.

"ಒಂದೊಂದು ಚಿತ್ರವನ್ನೂ ನೋಡಿದ್ದೀನಿ, ಮಿಸೆಸ್ ಕ್ರಾಡಕ್."

ಶುಕ್ರವಾರ ಸಂಜೆ ಊರಿನವರೆಲ್ಲ ಸೇರುವ ಬೌಲಿಂಗ್ ಕ್ಲಬ್ ತುಂಬಿತ್ತು. ಹಬ್ಬಕ್ಕೆ ಇನ್ನೊಂದು ವಾರ. ಸಿಡ್ನಿಯ ದೊಡ್ಡ ಹೋಟೆಲಿಗಾಗಿ ಸಿಂಪಿ ಕೊಳ್ಳುವ ಒಬ್ಬ ಮಹಾಶಯ ಕೂಡ ಬಿಯರ್ ಹಿಡಿದು ಮುಂದಿನ ಸಾಲಿನಲ್ಲಿದ್ದ. ನೆವ್ ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೈ ಹಿಂದೆ ಕಟ್ಟಿ, ಪರದೆಯ ಪಕ್ಕ ನಿಂತ. ದೀಪ ಆರಿತು. ಅಕಾರ್ಡಿಯನ್ ಶುರುವಾಯಿತು.

ಪರದೆಯ ಮೇಲೆ ಮೂಡಿದ್ದು ತೊಳೆದ ಬೂದಿಯ ಬಣ್ಣದ ಒಂದು ಕೊಲ್ಲಿ. ನೀರು ಬೂದು, ಆಕಾಶ ಬೂದು, ದಡದ ಮರಗಳು ಹೊಗೆ ಹಿಡಿದಂತೆ ಬೂದು. ಆ ಬೂದಿಯೊಳಗೆ ಒಂದು ದೋಣಿ, ದೋಣಿಯಲ್ಲಿ ಡರ್ಮಟ್. ಅವನು ಬುಟ್ಟಿ ಎತ್ತಿದ. ಎತ್ತಿದ. ಇನ್ನೂ ಎತ್ತುತ್ತಲೇ ಇದ್ದ. ಬುಟ್ಟಿಯ ಹನಿಗಳು ಗಾಳಿಯಲ್ಲಿ ತೇಲಿದವು. ಒಂದು ಸೀಗಲ್ ಹಕ್ಕಿ ರೆಕ್ಕೆ ಎತ್ತಿ, ಕೆಳಗಿಳಿಸುವ ಬಗ್ಗೆ ಬಹಳ ಹೊತ್ತು ಯೋಚಿಸಿತು. ಡರ್ಮಟ್ ಸಿಂಪಿಯೊಂದನ್ನು ಬಾಯಿಗಿಟ್ಟು ನುಂಗಿದ. ಗಂಟಲ ಗುಳ್ಳೆ ಲಿಫ್ಟಿನಂತೆ ಮೇಲೆ ಹೋಗಿ ಕೆಳಗೆ ಬಂತು. ನಂತರ ಬೂದು ಬಣ್ಣದ ಅವನ ಮುಖ ನಿಧಾನವಾಗಿ ಆಕಾಶದ ಕಡೆ ತಿರುಗಿ, ತುಟಿಗಳು ಹಲ್ಲುಗಳಿಂದ ಒಂದೊಂದಾಗಿ ಸರಿದವು. ಅದು ನಗು ಎಂದು ಹೇಳಬಲ್ಲವರು ಆ ಕೋಣೆಯಲ್ಲಿ ಡರ್ಮಟ್ ಒಬ್ಬನೇ.

"ಅಯ್ಯೋ ದೇವರೇ, ಅವನಿಗೇನಾಗ್ತಿದೆ?" ಹಿಂದಿನಿಂದ ಒಬ್ಬಳು ಕೂಗಿದಳು.

"ಸಿಂಪಿ ತಿಂದಮೇಲೇ ಹಾಗಾಯ್ತು, ನೋಡಿದ್ರಾ?" ಎಂದ ಇನ್ನೊಬ್ಬ.

"ನೋಡು, ಬೀಳ್ತಾನೆ ಈಗ!"

"ನಾನು ಬೀಳಲಿಲ್ಲ! ಇಲ್ಲೇ ಇದ್ದೀನಿ!" ಡರ್ಮಟ್ ಎದ್ದು ನಿಂತು ಕಿರುಚಿದ.

ದೀಪ ಹಚ್ಚಿದರು. ಕ್ರಾಡಕ್ ಅವರು ಕನ್ನಡಕದ ಮೇಲಿಂದ ನೆವ್‌ನನ್ನು ನೋಡಿದರು. ಆ ನೋಟಕ್ಕೆ ಹಿಂದೆ ಎಷ್ಟೋ ಮಕ್ಕಳು ಮಾಡದ ತಪ್ಪನ್ನೂ ಒಪ್ಪಿಕೊಂಡಿದ್ದಾರೆ.

"ನೆವಿಲ್, ಇದೇನು ಬಣ್ಣ? ನಿನ್ನ ಯಂತ್ರ ಸರಿಯಾಗಿಲ್ಲವೋ, ನಿನಗೆ ನಡೆಸಲು ಬರಲಿಲ್ಲವೋ?"

ಇಲ್ಲಿ ನೆವ್‌ನ ಮುಂದೆ ಒಂದು ಸರಳ ಉತ್ತರ ಇತ್ತು. ಇಡೀ ಕ್ಲಬ್ಬು ಅದಕ್ಕೆ ಕಾಯುತ್ತಿತ್ತು. ಗ್ಲೆನಿಸ್ ಕೂತಲ್ಲಿಂದಲೇ ತುಟಿಯಾಡಿಸಿ ‘ಗೊತ್ತಿಲ್ಲ ಅನ್ನು’ ಎಂದು ಹೇಳಿಕೊಡುತ್ತಿದ್ದಳು. ನೆವ್ ಗಂಟಲು ಸರಿಮಾಡಿಕೊಂಡ.

"ಯಂತ್ರ ಸರಿಯಾಗೇ ಇದೆ, ಮಿಸೆಸ್ ಕ್ರಾಡಕ್. ಅವತ್ತು ನೀರೇ ಹಾಗಿತ್ತು."

ಸಿಡ್ನಿಯ ಮಹಾಶಯ ಬಿಯರ್ ಕೆಳಗಿಟ್ಟು, ಫೋನ್ ತೆಗೆದುಕೊಂಡು ಹೊರಗೆ ನಡೆದ.

ಮಾರನೆಯ ಬೆಳಗ್ಗೆ ನನ್ನ ಬೇಕರಿಯಲ್ಲಿ ಮಾತು ಬ್ರೆಡ್ಡಿಗಿಂತ ಬೇಗ ಉಬ್ಬಿತು. ಮೊದಲು ಬಂದವರು ನೀರಿನಲ್ಲಿ ಪಾಚಿ ಎಂದರು. ಆಮೇಲೆ ಬಂದವರು ಮೇಲ್ದಂಡೆಯ ಯಾವುದೋ ಕಾರ್ಖಾನೆ ಎಂದರು. ಮೇಲ್ದಂಡೆಯಲ್ಲಿ ಇರುವುದು ಹಸುಗಳು ಮಾತ್ರ. ಮಧ್ಯಾಹ್ನದ ಹೊತ್ತಿಗೆ ಡರ್ಮಟ್ ಆಸ್ಪತ್ರೆಯಲ್ಲಿದ್ದಾನೆ ಎಂದು ಒಬ್ಬಾಕೆ ಡರ್ಮಟ್‌ಗೇ ಹೇಳಿ ಕಣ್ಣೊರೆಸಿಕೊಂಡಳು. ಸಿಡ್ನಿಯ ಹೋಟೆಲು ಆ ವರ್ಷದ ಸಿಂಪಿ ಬೇಡವೆಂದಿತು. ಕ್ಯಾನ್‌ಬೆರಾದವರೂ ಬೇಡವೆಂದರು. ಹಬ್ಬಕ್ಕೆ ಕೋಣೆ ಹಿಡಿದವರು ಒಬ್ಬೊಬ್ಬರಾಗಿ ಫೋನ್ ಮಾಡಿ, ಅಜ್ಜಿಗೆ ಹುಷಾರಿಲ್ಲ ಎನ್ನತೊಡಗಿದರು. ಒಂದೇ ದಿನ ಅಷ್ಟು ಅಜ್ಜಿಯರು ಕಾಯಿಲೆ ಬಿದ್ದದ್ದನ್ನು ನಾನು ಕೇಳಿಲ್ಲ.

ಡರ್ಮಟ್ ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದಾಗ ನೆವ್ ಬಣ್ಣದ ಡಬ್ಬಗಳ ಹಿಂದೆ ಕುಳಿತಿದ್ದ. ಟೋಪಿ ಮಾತ್ರ ಕಾಣುತ್ತಿತ್ತು.

"ನೆವ್, ಹೊರಗೆ ಬಾ. ಅವತ್ತು ನೀರು ಹೇಗಿತ್ತು, ಹೇಳು ನೋಡೋಣ?"

"ಸ್ವಲ್ಪ... ಮಬ್ಬಾಗಿತ್ತು ಅಂತ ಅನ್ನಿಸ್ತು."

"ಮಬ್ಬು? ತಳದಲ್ಲಿ ಬಿದ್ದ ಒಂದೊಂದು ಚಿಪ್ಪೂ ಕಾಣ್ತಿತ್ತು ಕಣೋ! ಅಪ್ಪ ಸತ್ತಾಗಿಂದ ಆ ಕಂಬಗಳ ಮಧ್ಯೆ ಬದುಕಿದ್ದೀನಿ. ಈ ಹಬ್ಬ ಹೋದ್ರೆ ದೋಣಿ ಮಾರಬೇಕು ನಾನು. ಒಂದು ಮಾತು ಹೇಳು, ತಪ್ಪು ನನ್ನದು ಅಂತ."

ನೆವ್ ಬಾಯಿ ತೆರೆದ. ಮಾತು ಹಲ್ಲಿನವರೆಗೂ ಬಂತೆಂದು ಡರ್ಮಟ್ ಇವತ್ತಿಗೂ ಪ್ರಮಾಣ ಮಾಡುತ್ತಾನೆ. ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದು, "ನೆವ್, ಡ್ರೋನ್ ಬಗ್ಗೆ ನಿನ್ನಷ್ಟು ತಿಳಿದವರು ಈ ಕರಾವಳಿಯಲ್ಲೇ ಇಲ್ಲವಂತಲ್ಲ!" ಎಂದಳು. ಮಾತು ಬಂದ ದಾರಿಯಲ್ಲೇ ಹಿಂತಿರುಗಿತು.

ಆ ದಿನದಿಂದ ಗ್ಲೆನಿಸ್ ಗಂಡನಿಗೆ ಬಡಿಸುವ ಊಟದಲ್ಲಿ ಬಣ್ಣ ಇರಲಿಲ್ಲ. ಬೇಯಿಸಿದ ಹೂಕೋಸು, ಬೇಯಿಸಿದ ಆಲೂಗಡ್ಡೆ, ಬಿಳಿ ಮೀನು. "ಯಾಕೆ?" ಎಂದರೆ, "ಅವತ್ತು ತರಕಾರಿನೇ ಹಾಗಿತ್ತು" ಎನ್ನುತ್ತಿದ್ದಳು.

ಬುಧವಾರ, ಸಿಂಪಿಗಳ ಮೇಲೆ ಕಣ್ಣಿಡುವ ಸರ್ಕಾರಿ ಕಚೇರಿಯಿಂದ ಮಿಲೆನಾ ವುಕೊವಿಚ್ ಎಂಬ ಅಧಿಕಾರಿ ಬಂದರು. ಮಾರಾಟ ನಿಲ್ಲಿಸುವ ಆದೇಶ ಕೊಡಬೇಕೋ ಬೇಡವೋ ಎಂದು ನೋಡಿ ಹೋಗುವುದು ಅವರ ಕೆಲಸ. ಇಡೀ ಊರು ಅಂಗಡಿ ಬಾಗಿಲು ಎಳೆದು ಜೆಟ್ಟಿಗೆ ಬಂತು. ನಾನೂ ಒಲೆ ಆರಿಸಿ ಹೋದೆ. ವುಕೊವಿಚ್ ಜೆಟ್ಟಿಯ ತುದಿಯಲ್ಲಿ ಬಗ್ಗಿ ಒಂದು ಸೀಸೆಯಲ್ಲಿ ನೀರು ತುಂಬಿ ಬೆಳಕಿಗೆ ಹಿಡಿದರು. ನೀರು ಚೊಕ್ಕವಾಗಿತ್ತು.

"ಇದು ಬೂದಾಗಿತ್ತು ಅಂತ ಹೇಳಿದವರು ಯಾರು?"

ಊರು ಇಬ್ಭಾಗವಾಗಿ ಸರಿದು, ನಡುವೆ ನೆವ್‌ನನ್ನು ಬಿಟ್ಟಿತು.

"ಬಂದೆ, ಮೇಡಂ," ಎಂದ ನೆವ್, ಅಲ್ಲೇ ನಿಂತು.

"ಅವನೇ ನನ್ನ ಶಾಲೆಯ ಅತ್ಯಂತ ದಡ್ಡ," ಎಂದು ಕ್ರಾಡಕ್ ಅವರು ಪರಿಚಯಿಸಿದರು.

ವುಕೊವಿಚ್ ಅವರು ಮೂಲ ವಿಡಿಯೊ ಕೇಳಿ ತೆಗೆದುಕೊಂಡು, ತಮ್ಮ ಗಾಡಿಯ ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದರು. ಎರಡು ಕ್ಷಣ ನೋಡಿದರು. ಅವರ ತುಟಿಯಂಚು ಅಲುಗಿತು.

"ಲಾಗ್‌ನಲ್ಲಿ ತೆಗೆದಿರಾ?"

"ಹೌದು," ಎಂದ ನೆವ್. ಆಮೇಲೆ ಮೆಲ್ಲಗೆ, "ಅದು ಒಳ್ಳೇದಲ್ವಾ?"

"ಎಡಿಟಿಂಗ್‌ನಲ್ಲಿ ಬಣ್ಣ ತುಂಬೋಕೆ ಬಂದ್ರೆ ಒಳ್ಳೇದು. ನೀವೇನು ಕೆಲಸ ಮಾಡ್ತೀರಿ?"

"ಬಣ್ಣ ಕಲಸ್ತೀನಿ."

"ಅಂದ್ರೆ ನಿಮ್ಮ ಅಂಗಡೀಲಿ ಬಣ್ಣ ಬೆರೆಸೋಕೆ ಮುಂಚೆ ಡಬ್ಬದಲ್ಲಿ ಏನಿರುತ್ತೆ?"

"ಬೇಸ್. ಪೇಲವ... ಬೂದು..." ನೆವ್ ಅರ್ಧಕ್ಕೆ ನಿಂತ. ಅವನ ಮುಖಕ್ಕೆ ಒಳ್ಳೆಯ ಇಟ್ಟಿಗೆಯ ಕೆಂಪು ಏರಿತು. "ಅಯ್ಯೋ. ನಾನು ಬೇಸನ್ನೇ ಗೋಡೆಗೆ ಹಚ್ಚಿಬಿಟ್ಟಿದ್ದೀನಿ!"

"ಜೊತೆಗೆ ನೂರಿಪ್ಪತ್ತರ ವೇಗ. ಅದನ್ನ ಇಪ್ಪತ್ತೈದರಲ್ಲಿ ಬಿಟ್ರೆ ಆರೋಗ್ಯವಾಗಿರೋ ಮನುಷ್ಯನೂ ಹೆಣದ ಹಾಗೆ ನಡೀತಾನೆ. ನಿಮ್ಮ ಸಾಫ್ಟ್‌ವೇರ್ ಹಳೇದಾ?"

"ನಮ್ಮ ಮದುವೆಯಷ್ಟೇ," ಎಂದಳು ಗ್ಲೆನಿಸ್.

"ಹಾಗಿದ್ರೆ ಅರವತ್ನಾಲ್ಕರಲ್ಲಿ ತೆಗೀಬೇಕು. ವಿಡಿಯೊ ತೆಗೆಯೋ ಮುಂಚೆ, ಅದನ್ನ ಕತ್ತರಿಸೋ ಸಾಫ್ಟ್‌ವೇರ್ ಏನು ಅರಗಿಸ್ಕೊಳ್ಳುತ್ತೆ ಅಂತ ನೋಡ್ಬೇಕು. ನಾನೂ ರಜೆಯಲ್ಲಿ ಹಾರಿಸ್ತೀನಿ. ಮೊದಲ ಸಲ ನನ್ನ ತಂಗಿ ಮದುವೇಲಿ ಇದೇ ಮಾಡಿದ್ದೆ. ಮದುಮಗಳು ಇನ್ನೂ ಮಾತಾಡ್ತಿಲ್ಲ."

ನೆವ್ ಟೋಪಿ ತೆಗೆದ. ಡರ್ಮಟ್ ಕಡೆ ತಿರುಗಿದ.

"ಡರ್ಮಟ್, ನೀರು ಚೆನ್ನಾಗಿತ್ತು. ನನಗೆ... ಗೊತ್ತಿರಲಿಲ್ಲ."

ಆ ಪದ ಹೊರಬೀಳುವಾಗ ಅವನಿಗೆ ಹಲ್ಲು ಕಿತ್ತಷ್ಟು ನೋವಾದದ್ದು ಮುಖದಲ್ಲೇ ಕಂಡಿತು. ಡರ್ಮಟ್ ಅವನ ಬೆನ್ನಿಗೆ ಒಂದು ಏಟು ಕೊಟ್ಟ. ಅದರಲ್ಲಿ ಕ್ಷಮೆ ಅರ್ಧ, ಸಿಟ್ಟು ಅರ್ಧ ಇತ್ತು.

ಆದೇಶ ಬೇಡವೆಂದು ವುಕೊವಿಚ್ ಹೇಳಿದರು. ಆದರೆ ಸಿಡ್ನಿಯವರನ್ನು ನಂಬಿಸಬೇಕಾದರೆ ಇದೇ ನೀರನ್ನು ಈಗಲೇ ಮತ್ತೆ ತೆಗೆದು ಊರಿನ ಪುಟಕ್ಕೆ ಹಾಕುವುದು ಒಳ್ಳೆಯದು ಎಂದರು. ನೆವ್ ಡ್ರೋನ್ ತಂದ. ಈ ಸಲ ಇಡೀ ಊರು ಅವನ ಬೆನ್ನ ಹಿಂದೆ ನಿಂತು ಸೆಟಿಂಗ್ ಹೇಳಿತು. "ಸಾಮಾನ್ಯ ಒತ್ತೋ! ಸಾಮಾನ್ಯ!" "ಇಪ್ಪತ್ತೈದು, ಇಪ್ಪತ್ತೈದು!" "ಅರವತ್ನಾಲ್ಕು ಅಂದ್ರಲ್ಲ, ಕೈ ಯಾಕೆ ಐದರ ಹತ್ರ ಹೋಗ್ತಿದೆ?" ಡ್ರೋನ್ ಎದ್ದು ಕೊಲ್ಲಿಯ ಮೇಲೆ ಒಂದು ಸುತ್ತು ಹೊಡೆದು ಮರಳಿತು.

ಬಾನೆಟ್ ಮೇಲೆ ಲ್ಯಾಪ್‌ಟಾಪ್ ಮತ್ತೆ ತೆರೆಯಿತು. ವಿಡಿಯೊ ತಡವರಿಸದೆ ಓಡಿತು. ನೀಲಿ ನೀರು, ಹಸಿರು ದಡ, ಬಿಳಿ ಹಕ್ಕಿ. ಡರ್ಮಟ್‌ನ ಕಣ್ಣು ಒದ್ದೆಯಾಯಿತು. ಜನ ಚಪ್ಪಾಳೆ ತಟ್ಟಿದರು.

ಕ್ರಾಡಕ್ ಅವರು ಮಾತ್ರ ಕೈ ಎತ್ತಿದರು. "ಇವನನ್ನು ನಂಬಿ ಇನ್ನೊಮ್ಮೆ ಮಾನ ಕಳೆದುಕೊಳ್ಳುವವಳಲ್ಲ ನಾನು. ಮೂಲೆಮೂಲೆಯೂ ಸ್ಪಷ್ಟವಾಗಿದೆಯೋ ಇಲ್ಲವೋ, ದೊಡ್ಡದು ಮಾಡಿ ತೋರಿಸಿ."

ವುಕೊವಿಚ್ ದೊಡ್ಡದು ಮಾಡಿದರು. ಡರ್ಮಟ್‌ನ ಕೊನೆಯ ಸಾಲಿನ ಕಂಬಗಳ ಮರೆಯಲ್ಲಿ ಒಂದು ಪುಟ್ಟ ದೋಣಿ ಇತ್ತು. ಅದರಲ್ಲಿ ಕೆಂಪು ಟೋಪಿಯ ದಪ್ಪ ಮನುಷ್ಯನೊಬ್ಬ ಡರ್ಮಟ್‌ನ ಬುಟ್ಟಿಗೆ ಮೊಣಕೈವರೆಗೂ ಕೈ ಹಾಕಿದ್ದ. ಸಿಂಪಿ ತೆಗೆದ, ಚಾಕುವಿನಿಂದ ಬಿಚ್ಚಿದ, ಜೇಬಿನಿಂದ ನಿಂಬೆಹೋಳು ತೆಗೆದು ಹಿಂಡಿದ, ನುಂಗಿದ. ಸೆಕೆಂಡಿಗೆ ಇಪ್ಪತ್ತೈದರ ಸರಿಯಾದ ವೇಗದಲ್ಲಿ ಮುಂದಿನದಕ್ಕೆ ಕೈ ಹಾಕಿದ.

"ನೀರು ಸುರಕ್ಷಿತ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ," ಎಂದರು ವುಕೊವಿಚ್. "ತಿಂತಾನೇ ಇದ್ದಾರೆ, ಆರಾಮಾಗಿದ್ದಾರೆ. ಯಾರಿವರು?"

ಜೆಟ್ಟಿಯ ಮೇಲಿದ್ದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಆ ಹೊಟ್ಟೆ ಊರಿಗೆಲ್ಲ ಗೊತ್ತು. ಅದು ಕ್ರಾಡಕ್ ಅವರ ಯಜಮಾನರಾದ ಹಂಫ್ರಿಯವರದು. ಊರೆಲ್ಲ ಜೆಟ್ಟಿಯಲ್ಲಿದ್ದಾಗ ಕಂಬಗಳ ಕಡೆ ಯಾರೂ ಇರುವುದಿಲ್ಲ ಎಂದು ಅವರು ಲೆಕ್ಕ ಹಾಕಿದ್ದರು. ಕ್ರಾಡಕ್ ಅವರ ಮುಖ ನೆವ್‌ನ ಮೊದಲ ವಿಡಿಯೊದ ಬಣ್ಣಕ್ಕೆ ತಿರುಗಿತು.

ನೆವ್ ಮುಂದೆ ಬಂದ. ಪರದೆಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದ.

"ಮೇಡಂ," ಎಂದ ಗಂಭೀರವಾಗಿ, "ಇದು ಸೀಲ್ ಪ್ರಾಣಿ. ಈ ಸೆಟಿಂಗ್‌ನಲ್ಲಿ ಕೆಲವೊಮ್ಮೆ ಹೀಗೆ ಕಾಣುತ್ತೆ."

"ಟೋಪಿ ಹಾಕಿದೆ," ಎಂದರು ವುಕೊವಿಚ್.

"ಅವತ್ತವತ್ತಿನ ಬೆಳಕು, ಮೇಡಂ."

ವುಕೊವಿಚ್ ಡರ್ಮಟ್ ಕಡೆ ನೋಡಿದರು. ಡರ್ಮಟ್ ಕ್ರಾಡಕ್ ಅವರ ಕಡೆ ನೋಡಿದ. ಅವರು ಕೈಚೀಲವನ್ನು ಎದೆಗೆ ಅವಚಿಕೊಂಡಿದ್ದರು. "ಹೌದು, ಸೀಲೇ," ಎಂದ ಡರ್ಮಟ್ ನಿಟ್ಟುಸಿರಿಟ್ಟು. "ಈ ಸೀಲ್ ನನ್ನ ಬುಟ್ಟಿಗೆ ಮುಂಚಿನಿಂದಲೂ ಬರ್ತಿದೆ ಅಂತ ಅನುಮಾನ ಇತ್ತು." ಅಧಿಕಾರಿ ಲ್ಯಾಪ್‌ಟಾಪ್ ಮುಚ್ಚಿ, ಸೀಲ್‌ಗಳು ತಮ್ಮ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಹೇಳಿ ಗಾಡಿ ಹತ್ತಿದರು.

ಆ ತುಂಡನ್ನು ನೆವ್ ಗ್ಲೆನಿಸ್‌ಳ ಲ್ಯಾಪ್‌ಟಾಪಿನಲ್ಲಿ ಕತ್ತರಿಸಿ ತೆಗೆದ ಮೇಲೆ ವಿಡಿಯೊ ಆ ಸಂಜೆಯೇ ಊರಿನ ಪುಟದಲ್ಲಿ ಬಂತು. ಸಿಡ್ನಿಯ ಹೋಟೆಲಿನವರು ಮರಳಿದರು, ಅಜ್ಜಿಯರೆಲ್ಲ ಚೇತರಿಸಿಕೊಂಡರು, ಶನಿವಾರ ಜೆಟ್ಟಿಯ ಮೇಲೆ ಕಾಲಿಡಲು ಜಾಗ ಇರಲಿಲ್ಲ. ಡರ್ಮಟ್‌ನ ಬುಟ್ಟಿಗಳು ಮಧ್ಯಾಹ್ನಕ್ಕೇ ಬರಿದಾದವು. ಕ್ರಾಡಕ್ ಅವರು ಎಲ್ಲರೆದುರು ನೆವ್‌ನನ್ನು "ನನ್ನ ಅತ್ಯುತ್ತಮ ವಿದ್ಯಾರ್ಥಿಗಳಲ್ಲೊಬ್ಬ" ಎಂದು ಕರೆದರು. ನೆವ್ ಅದನ್ನು ನಂಬಿದ.

ಕತ್ತರಿಸಿದ ತುಂಡು ಎಲ್ಲಿ ಹೋಯಿತು ಎಂದು ಆಮೇಲೆ ನಾನು ಅವನನ್ನು ಕೇಳಿದೆ. ಅಳಿಸಿಬಿಟ್ಟೆ ಎಂದ. ಪಕ್ಕದಲ್ಲೇ ಇದ್ದ ಗ್ಲೆನಿಸ್ ಚಹಾಕ್ಕೆ ಸಕ್ಕರೆ ಕದಡುತ್ತಿದ್ದಳು. ಲ್ಯಾಪ್‌ಟಾಪ್ ಅವಳದು.

ಮುಂದಿನ ತಿಂಗಳು ಹಬ್ಬದ ಸಮಿತಿಯ ಸಭೆ ಸೇರಿತು. ಎಂದಿನಂತೆ ಕ್ರಾಡಕ್ ಅವರೇ ಮತ್ತೆ ಅಧ್ಯಕ್ಷರಾಗುತ್ತಾರೆಂದು ನಾವು ಕೈ ಎತ್ತಲು ಸಿದ್ಧರಾಗಿದ್ದೆವು. ಅವರು ಎದ್ದು ನಿಂತು, ಗ್ಲೆನಿಸ್ ಕಡೆ ಒಮ್ಮೆ ನೋಡಿ, ಇನ್ನು ಹೊಸಬರು ಮುಂದೆ ಬರಬೇಕು ಎಂದು ತಾವೇ ಗ್ಲೆನಿಸ್‌ಳ ಹೆಸರು ಸೂಚಿಸಿದರು. ಅನುಮೋದಿಸಿದವರು ಹಂಫ್ರಿ. ಅಷ್ಟು ಚುರುಕಾಗಿ ಅವರ ಕೈ ಆಡುವುದನ್ನು ನಾವು ಹಿಂದೆ ಒಮ್ಮೆ ಮಾತ್ರ ನೋಡಿದ್ದೆವು, ಡರ್ಮಟ್‌ನ ಬುಟ್ಟಿಯಲ್ಲಿ.